ಬೇಗ ಬೆಳೆದ ಗಂಡು ಹಂದಿಯನ್ನೇ ಬೀಜಕ್ಕೆ ಇಟ್ಟೆ, ಮರಿಗಳು ಮಾತ್ರ ಅವನ ಹಾಗಿಲ್ಲ. ಯಾಕೆ?

ಹದಿನಾಲ್ಕು ತಾಯಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ಹತ್ತಿರ 14 ತಾಯಿ ಹಂದಿಗಳಿವೆ. ಎಲ್ಲವೂ ಲಾರ್ಜ್ ವೈಟ್, ಲ್ಯಾಂಡ್‌ರೇಸ್ ತಳಿಗಳ ಬೆರಕೆ. ಲೆಕ್ಕ ಬರೆಯೋದು ನನಗೆ ಒಂಥರಾ ಚಟ. ಮರಿ ಹುಟ್ಟಿದ ದಿನ, ತಾಯಿ ಯಾರು, ಎಷ್ಟನೇ ಸೂಲು, 100 ಕೆಜಿ ಮುಟ್ಟೋಕೆ ಎಷ್ಟು ದಿನ, ಎಲ್ಲ ನೋಟ್‌ಬುಕ್‌ನಲ್ಲಿದೆ. ಮನೆಯವರು ಇದನ್ನು ಹಂದಿಗಳ ಜಾತಕ ಅಂತ ಗೇಲಿ ಮಾಡುತ್ತಾರೆ.

ಎರಡು ವರ್ಷದ ಹಿಂದೆ ಒಂದು ಗಂಡು ಮರಿ 148 ದಿನಕ್ಕೆ 100 ಕೆಜಿ ಮುಟ್ಟಿತು. ಆ ಬ್ಯಾಚಿನ ಸರಾಸರಿ 170 ದಿನ. 22 ದಿನ ಮುಂಚೆ! ತಕ್ಕಡಿ ಕೆಟ್ಟಿದೆ ಅಂದುಕೊಂಡು ಎರಡು ಸಲ ತೂಗಿದೆ. ಬೆಟ್ಟ ಅಂತ ಹೆಸರಿಟ್ಟು ಬೀಜಕ್ಕೆ ಉಳಿಸಿಕೊಂಡೆ.

ಈಗ ಅವನ 62 ಮರಿಗಳ ಲೆಕ್ಕ ಕೈಯಲ್ಲಿದೆ. ಸರಾಸರಿ 167 ದಿನ. ಅದೇ ತಿಂಗಳುಗಳಲ್ಲಿ ನನ್ನ ಬೇರೆ ಎರಡು ಗಂಡುಗಳ ಮರಿಗಳು 170 ದಿನ. ಅಪ್ಪ 22 ದಿನ ಮುಂದೆ, ಮಕ್ಕಳು ಬರೀ 3 ದಿನ ಮುಂದೆ. ಅದೂ ಸಾಲದು ಅಂತ, ಬೆಟ್ಟನ ಮರಿಗಳಲ್ಲಿ ಬೆನ್ನ ಕೊಬ್ಬು ಜಾಸ್ತಿ ಅಂತ ತಗೊಳ್ಳೋರು ಮುಖ ಸಿಂಡರಿಸುತ್ತಿದ್ದಾರೆ.

ನನ್ನ ಪ್ರಶ್ನೆ ಎರಡು. ಬೆಟ್ಟನ ರಕ್ತ ಸರಿ ಇಲ್ವಾ, ಅಥವಾ ನಾನೇ ಏನಾದರೂ ತಪ್ಪು ಮಾಡಿದ್ನಾ? ಇನ್ನೊಂದು, ಒಬ್ಬರು ಒಂದು ಗಂಡು ಮಾರುತ್ತಿದ್ದಾರೆ. ತೊಡೆ ಉಬ್ಬಿಕೊಂಡಿದೆ, ಬೆನ್ನಲ್ಲಿ ಕೊಬ್ಬೇ ಇಲ್ಲ ಅನ್ನುವಷ್ಟು ತೆಳು. ಉಳಿದ ಗಂಡುಗಳನ್ನು ತೆಗೆದು ಅದೊಂದನ್ನೇ ಇಟ್ಟುಕೊಳ್ಳೋಣ ಅಂತಿದ್ದೇನೆ. ಅಥವಾ ಬೆಟ್ಟನ ಮಗನನ್ನೇ ಮುಂದುವರಿಸೋದಾ?

ಅವಸರ ಜಾಸ್ತಿ:

14 ತಾಯಿಗೆ ಇಷ್ಟೆಲ್ಲ ತಲೆಬಿಸಿ ಯಾಕೆ ಮೇಡಂ? ಪರೀಕ್ಷೆ ಆದ ಗಂಡಿನ ಸೆಮೆನ್ ತರಿಸಿ, ಕೊಡಿಸಿ, ಮುಗೀತು. ನೀವು ಹತ್ತು ವರ್ಷ ನೋಟ್‌ಬುಕ್ ಬರೆದರೂ ಸಾವಿರ ಸಾವಿರ ಹಂದಿ ಅಳೆಯುವವರ ಮುಂದೆ ಹೋಗೋಕಾಗಲ್ಲ.

ಹಳೇ ತಕ್ಕಡಿ:

ಅವಸರದ ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ, ಅದಕ್ಕೆ ಆಮೇಲೆ ಬರ್ತೀನಿ. ಮೊದಲು ತಂಗಿಯ ಪ್ರಶ್ನೆ.

ತಂಗಿ, ಬೆಟ್ಟ ನಿಮಗೆ ಮೋಸ ಮಾಡಿಲ್ಲ. ಎಷ್ಟು ಕೊಡಬೇಕಿತ್ತೋ ಕರೆಕ್ಟಾಗಿ ಅಷ್ಟೇ ಕೊಟ್ಟಿದ್ದಾನೆ. ನಾನು ಒಂದು ತಳಿ ಫಾರಂನಲ್ಲಿ 26 ವರ್ಷ ಹಂದಿ ತೂಗಿದವನು. ನಿಮ್ಮ ಲೆಕ್ಕ ನೋಡಿ ನನಗೆ ಖುಷಿಯೇ ಆಯ್ತು.

ಹೇಗೆ ಅಂದ್ರೆ, ಬೆಳವಣಿಗೆಯ ವೇಗಕ್ಕೆ ಹೆರಿಟಬಿಲಿಟಿ ಸುಮಾರು 0.3. ಒಂದೇ ಗುಂಪಿನ ಹಂದಿಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಹತ್ತಕ್ಕೆ ಮೂರು ಪಾಲು ಮಾತ್ರ ರಕ್ತದ್ದು ಅಂತ ಅರ್ಥ. ಉಳಿದ ಏಳು ಪಾಲು ಹಾಲು, ಜಾಗ, ಜ್ವರ, ಅದೃಷ್ಟ. ಬೆಟ್ಟ 22 ದಿನ ಮುಂದಿದ್ದ. 22ರಲ್ಲಿ 0.3 ಪಾಲು ಅಂದ್ರೆ 6.6 ದಿನ. ಅದು ಅವನ ರಕ್ತದಲ್ಲಿರುವ ಮುನ್ನಡೆ. ಮರಿಗೆ ಅಪ್ಪನಿಂದ ಬರೋದು ಅರ್ಧ, 3.3 ದಿನ. ತಾಯಂದಿರನ್ನು ನೀವು ಆರಿಸಿಲ್ಲ, ಇದ್ದವರೇ ಇದ್ದಾರೆ. ಹಾಗಾಗಿ ಆ ಕಡೆಯಿಂದ ಸೊನ್ನೆ. ನಿಮಗೆ ಸಿಕ್ಕಿದ್ದು 3. ಇನ್ನೇನು ಬೇಕು?

ಉಳಿದ 15 ದಿನ ಎಲ್ಲಿ ಹೋಯ್ತು? ಅದು ಯಾವತ್ತೂ ರಕ್ತದಲ್ಲಿ ಇರಲೇ ಇಲ್ಲ. ಒಂದು ಮಾತು ಕೇಳ್ತೀನಿ, ನೋಟ್‌ಬುಕ್ ನೋಡಿ ಹೇಳಿ. ಬೆಟ್ಟ ಹುಟ್ಟಿದಾಗ ಜೊತೆಯಲ್ಲಿ ಎಷ್ಟು ಮರಿ ಇದ್ದವು?

ಹದಿನಾಲ್ಕು ತಾಯಿ:

ಅಯ್ಯೋ. ಆರೇ ಆರು. ನಾಲ್ಕನೇ ಸೂಲು, ಹಾಲು ಚೆನ್ನಾಗಿದ್ದ ತಾಯಿ. ಆ ಬ್ಯಾಚಿನ ಬೇರೆ ತಾಯಂದಿರ ಹತ್ತಿರ ಹನ್ನೊಂದು, ಹನ್ನೆರಡು ಇದ್ದವು.

ಹಳೇ ತಕ್ಕಡಿ:

ಅದೇ ಅಂದುಕೊಂಡೆ. ಆರು ಮರಿಗೆ ಹನ್ನೆರಡು ಮರಿಯ ಹಾಲು. ಹುಟ್ಟುವಾಗಲೇ ದಪ್ಪ, ಹಾಲು ಬಿಡಿಸುವಾಗ ಇನ್ನೂ ದಪ್ಪ. ಆ ಕೆಜಿಗಳು ಕೊನೆವರೆಗೂ ಜೊತೆಗೇ ಬರುತ್ತವೆ. ನಾವು ಅದನ್ನು ನೋಡಿ ಜಾತಿ ಒಳ್ಳೇದು ಅಂತೀವಿ. ಅಸಲಿಗೆ ಅದು ಅವರಮ್ಮನ ಹಾಲು.

ಅದಕ್ಕೇ ಫಾರಂನಲ್ಲಿ ಹುಟ್ಟಿನಿಂದ ಎಣಿಸುವುದರ ಜೊತೆಗೆ 30 ಕೆಜಿಯಿಂದ 100 ಕೆಜಿವರೆಗೆ ದಿನಕ್ಕೆ ಎಷ್ಟು ಏರಿತು ಅಂತ ಬೇರೆ ನೋಡುತ್ತಿದ್ದೆವು. ಹಾಲಿನ ಋಣ ಪೂರ್ತಿ ತೀರಲ್ಲ, ಆದರೆ ಕಮ್ಮಿ ಆಗುತ್ತೆ. ಮತ್ತೆ ಒಂದು ಹಂದಿಯನ್ನು ಅದರ ಬ್ಯಾಚಿನ ಸರಾಸರಿಗೆ ಹೋಲಿಸಬೇಕು. ಸೆಕೆಯ ತಿಂಗಳ ಹಂದಿಯನ್ನು ತಂಪಿನ ತಿಂಗಳ ಹಂದಿಗೆ ಹೋಲಿಸಿದರೆ ನೀವು ಆರಿಸೋದು ಹವಾಮಾನವನ್ನು.

ಈಗ ಕೊಬ್ಬು. ಬೆಟ್ಟನನ್ನು ಆರಿಸುವಾಗ ನೀವು ನೋಡಿದ್ದು ಬರೀ ವೇಗ. ತೊಟ್ಟಿ ತುಂಬ ಫೀಡ್ ಇಟ್ಟಾಗ ಯಾರು ಬೇಗ ಬೆಳೀತಾರೆ? ಚೆನ್ನಾಗಿ ತಿನ್ನೋರು. ಹಂದಿಯ ಮೈಯಲ್ಲಿ ಮೂಳೆ ಮೊದಲು, ಮಾಂಸ ಆಮೇಲೆ, ಕೊಬ್ಬು ಕೊನೆಗೆ ಏರುತ್ತೆ. ಮಾಂಸ ಕಟ್ಟೋಕೆ ಮೈಗೆ ಒಂದು ಮಿತಿ ಇದೆ. ಅದನ್ನು ಮೀರಿ ತಿಂದದ್ದೆಲ್ಲ ಬೆನ್ನ ಮೇಲೆ ಕೂರುತ್ತೆ. ಹಾಗಾಗಿ ವೇಗ ಒಂದನ್ನೇ ಆರಿಸಿದರೆ ಹಸಿವು ಬರುತ್ತೆ, ಹಸಿವಿನ ಬಾಲ ಹಿಡಿದು ಕೊಬ್ಬು ಬರುತ್ತೆ. ಎಲ್ಲ ಹಂದಿಯಲ್ಲೂ ಹೀಗೇ ಅಂತಲ್ಲ, ಎರಡರ ನಡುವಿನ ಕೊಂಡಿ ಅಷ್ಟೇನೂ ಗಟ್ಟಿ ಇಲ್ಲ. ಬೇಗ ಬೆಳೆದೂ ಬೆನ್ನು ತೆಳ್ಳಗಿರುವ ಹಂದಿ ಸಿಗುತ್ತೆ. ಆದರೆ ಅಳೆದು ಹುಡುಕಬೇಕು.

ಸಂತೋಷದ ವಿಷಯ ಏನಂದ್ರೆ ಕೊಬ್ಬು ಬೆಳವಣಿಗೆಗಿಂತ ಸುಲಭವಾಗಿ ಮಾತು ಕೇಳುತ್ತೆ. ಬೆನ್ನ ಕೊಬ್ಬಿನ ಹೆರಿಟಬಿಲಿಟಿ ಹತ್ತಿರ ಹತ್ತಿರ 0.5. ಒಂದು ಸೂಲಿಗೆ ಎಷ್ಟು ಮರಿ ಅನ್ನೋದಕ್ಕೆ 0.1 ಅಷ್ಟೇ. ಹಾಗಾಗಿ ನೂಲಿನಂತೆ ಸೀರೆ ಅನ್ನೋ ಗಾದೆ ಕೊಬ್ಬಿಗೆ ಸರಿ, ಮರಿ ಸಂಖ್ಯೆಗೆ ಅಷ್ಟಾಗಿ ಇಲ್ಲ. ಅಮೆರಿಕದ ಬೆಲ್ಟ್ಸ್‌ವಿಲ್‌ನಲ್ಲಿ ಡ್ಯೂರಾಕ್ ಅನ್ನೋ ತಳಿಯ ಹಂದಿಗಳನ್ನು ಎರಡು ಸಾಲು ಮಾಡಿದರು. ಒಂದರಲ್ಲಿ ಪ್ರತಿ ಸಲ ಕೊಬ್ಬು ಜಾಸ್ತಿ ಇದ್ದವನ್ನು, ಇನ್ನೊಂದರಲ್ಲಿ ಕಮ್ಮಿ ಇದ್ದವನ್ನು ಉಳಿಸಿಕೊಂಡರು. 10 ತಲೆಮಾರು ಹೀಗೇ ಮಾಡಿ 1967ರಲ್ಲಿ ಬರೆದರು. ಎರಡು ಸಾಲೂ ತಮ್ಮ ತಮ್ಮ ದಾರಿ ಹಿಡಿದು ದೂರ ಹೋಗಿದ್ದವು.

ತಗೊಳ್ಳೋರ ಮುಖ ನೋಡಿ ಕೊಬ್ಬು ಅಳೆಯೋಕಾಗಲ್ಲ. ಅಲ್ಟ್ರಾಸೌಂಡ್ ಯಂತ್ರ ಒಂದು ದಿನಕ್ಕೆ ಎರವಲು ಸಿಕ್ಕರೂ ಸಾಕು. ಕೊನೇ ಪಕ್ಕೆಲುಬು ಎಲ್ಲಿದೆ ಅಂತ ಬೆರಳಲ್ಲಿ ಮುಟ್ಟಿ ಹುಡುಕಿ. ಅಲ್ಲಿಂದ ಮೇಲಕ್ಕೆ ಹೋಗಿ ಬೆನ್ನಿನ ನಡುಗೆರೆಯಿಂದ 65 ಮಿಲಿಮೀಟರ್ ಪಕ್ಕಕ್ಕೆ ಗುರುತು ಹಾಕಿ. ಆ ಜಾಗಕ್ಕೆ ಪಿ2 ಅಂತಾರೆ. ಕೂದಲು ಬೋಳಿಸಿ, ಅಡುಗೆ ಎಣ್ಣೆ ಧಾರಾಳ ಸುರಿಯಿರಿ. ಎಣ್ಣೆ ಇಲ್ಲದಿದ್ದರೆ ಚರ್ಮಕ್ಕೂ ಯಂತ್ರಕ್ಕೂ ನಡುವೆ ಗಾಳಿ ಕೂತು ಸುಳ್ಳು ಅಂಕಿ ಬರುತ್ತೆ. ಒತ್ತಬೇಡಿ, ಒತ್ತಿದರೆ ಕೊಬ್ಬು ಅದುಮಿ ತೆಳ್ಳಗೆ ಕಾಣುತ್ತೆ. ಮತ್ತೆ ಕೊಬ್ಬು ಒಂದೇ ಪದರ ಅಲ್ಲ, ನಡುವೆ ತೆಳು ಪೊರೆ ಇರುತ್ತೆ. ಮೊದಮೊದಲು ನಾನು ಆ ಪೊರೆಯನ್ನೇ ಮಾಂಸದ ಅಂಚು ಅಂದುಕೊಂಡು 9 ಮಿಲಿಮೀಟರ್ ಅಂತ ಬರೆದಿದ್ದೆ. ಆ ಹಂದಿ ಕಡಿದಾಗ 15 ಇತ್ತು. ಇಡೀ ಮಧ್ಯಾಹ್ನ ಬೈಸಿಕೊಂಡೆ.

ಯಂತ್ರ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು ಗೊತ್ತಾ? ಬೆನ್ನಿನ ಚರ್ಮಕ್ಕೆ ಸಣ್ಣ ಗೀರು ಹಾಕಿ, ಲೋಹದ ಅಳತೆಪಟ್ಟಿ ಇಳಿಸಿ, ಮಾಂಸ ತಾಕುವವರೆಗೆ ಎಷ್ಟು ಹೋಯ್ತು ಅಂತ ಓದುತ್ತಿದ್ದರು. 1952ರಲ್ಲಿ ಹೇಝಲ್ ಮತ್ತು ಕ್ಲೈನ್ ಅನ್ನೋರು ಇದನ್ನು ತೋರಿಸಿಕೊಟ್ಟರು. ಜೀವಂತ ಹಂದಿಯಲ್ಲೇ ಕೊಬ್ಬು ಗೊತ್ತಾಗುತ್ತೆ ಅನ್ನೋದೇ ದೊಡ್ಡ ವಿಷಯ ಆಗ. ಅದಕ್ಕೂ ಮುಂಚೆ ಹಂದಿಯನ್ನು ಕಡಿದರೇ ಗೊತ್ತಾಗೋದು, ಕಡಿದ ಮೇಲೆ ಅದನ್ನು ಬೀಜಕ್ಕೆ ಇಡೋಕಾಗುತ್ತಾ? ಅಣ್ಣತಮ್ಮಂದಿರನ್ನೋ ಮಕ್ಕಳನ್ನೋ ಕಡಿದು ನೋಡಬೇಕಿತ್ತು. ಡೆನ್ಮಾರ್ಕ್‌ನವರು 1907ರಿಂದ ಅದಕ್ಕೇ ಅಂತ ಪರೀಕ್ಷಾ ಕೇಂದ್ರ ನಡೆಸಿದರು.

ಅಳೆಯುವಾಗ ತೂಕ 95ರಿಂದ 105 ಕೆಜಿ ಒಳಗಿರಲಿ. 115 ಕೆಜಿ ಹಂದಿಯ ಕೊಬ್ಬನ್ನು 95 ಕೆಜಿಯದ್ದರ ಜೊತೆ ಇಟ್ಟು ಜಗಳ ಆಡಬೇಡಿ. ಬೀಜ ತೆಗೆದ ಗಂಡಿಗೆ ಕೊಬ್ಬು ಜಾಸ್ತಿ, ಹೆಣ್ಣಿಗೆ ಅದಕ್ಕಿಂತ ಕಮ್ಮಿ, ಬೀಜದ ಗಂಡಿಗೆ ಇನ್ನೂ ಕಮ್ಮಿ. ಮೂರನ್ನೂ ಬೇರೆ ಬೇರೆ ಪುಟದಲ್ಲಿ ಬರೆಯಿರಿ.

ಆ ತೊಡೆ ಉಬ್ಬಿದ ಗಂಡಿನ ಬಗ್ಗೆ ಡಾಕ್ಟ್ರು ಹೇಳಲಿ.

ಸೂಜಿ ಡಾಕ್ಟ್ರು:

ಕರೆದಿದ್ದಕ್ಕೆ ಬಂದೆ ಅಣ್ಣಾ.

ಮೇಡಂ, ಆ ಗಂಡನ್ನು ತಗೊಳ್ಳೋ ಮುಂಚೆ ಹ್ಯಾಲೋಥೇನ್ ಜೀನ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಬೇರು ಸಮೇತ ಕಿತ್ತ ನಾಲ್ಕು ಕೂದಲು ಸಾಕು, ಲ್ಯಾಬ್‌ನಲ್ಲಿ ಗೊತ್ತಾಗುತ್ತೆ.

ಪಿಯೆಟ್ರೇನ್ ತಳಿಯಲ್ಲಿ ಇದು ತುಂಬ ಕಾಣುತ್ತಿತ್ತು. ಈ ಜೀನ್ ಇರುವ ಹಂದಿಗೆ ಮಾಂಸ ಜಾಸ್ತಿ, ಕೊಬ್ಬು ಕಮ್ಮಿ. ಅದಕ್ಕೇ ಬರೀ ತೆಳು ಬೆನ್ನು ಹುಡುಕುತ್ತಾ ಹೋದವರಿಗೆ ಗೊತ್ತಿಲ್ಲದೇ ಇದೂ ಕೈಗೆ ಬಂತು. ಎರಡೂ ಕಡೆಯಿಂದ ಈ ಜೀನ್ ಪಡೆದ ಹಂದಿಯನ್ನು ಒಮ್ಮೆ ಓಡಿಸಿ ನೋಡಿ, ಬೇಡ, ನೋಡಬೇಡಿ. ನಾನು ನೋಡಿದ್ದೇನೆ. ಲಾರಿಗೆ ಹತ್ತಿಸುವಾಗ ಎರಡು ಹಂದಿ ಕಾದಾಡಿದವು, ಅಷ್ಟೇ. ಒಂದರ ಬಾಲ ನಡುಗೋಕೆ ಶುರುವಾಯ್ತು. ಹೊಟ್ಟೆ ಮೇಲೆ ಕೆಂಪು ಮಚ್ಚೆ ಎದ್ದವು, ಬಾಯಿ ತೆರೆದು ಏದುಸಿರು, ಕಾಲು ಮರದ ಕೊರಡಿನ ಹಾಗೆ ಸೆಟೆದುಕೊಂಡವು. ಮೈ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ನಾನು ಬ್ಯಾಗ್ ತೆರೆಯುವಷ್ಟರಲ್ಲಿ ಮುಗಿದಿತ್ತು.

ಸಾಯದೆ ಕಸಾಯಿಖಾನೆ ತಲುಪಿದರೂ ಮಾಂಸ ಬಿಳಿಚಿಕೊಂಡು, ಮೆತ್ತಗೆ, ನೀರು ಬಿಡುತ್ತಾ ಇರುತ್ತೆ. ಮಾಂಸ ಇನ್ನೂ ಬಿಸಿ ಇರುವಾಗಲೇ ಅದರಲ್ಲಿ ಆಮ್ಲ ಏರಿಬಿಡುತ್ತೆ, ಅದು ಕಾರಣ. ತೂಕಕ್ಕೆ ಬಂದ ಲಾಭ ನೀರಾಗಿ ಹೋಯ್ತು.

ಮುಂಚೆ ಇದನ್ನು ಪತ್ತೆ ಮಾಡೋಕೆ ಮರಿಯ ಮೂತಿಗೆ ಮುಖವಾಡ ಹಾಕಿ ಹ್ಯಾಲೋಥೇನ್ ಅನ್ನೋ ಅರಿವಳಿಕೆ ಗಾಳಿ ಕೊಡುತ್ತಿದ್ದರು. ಕಾಲು ಸೆಟೆದುಕೊಂಡರೆ ಆ ಮರಿ ಔಟ್. ಹೆಸರು ಬಂದದ್ದೇ ಅದರಿಂದ. ಆದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಿಂದ ಮಾತ್ರ ಈ ಜೀನ್ ಪಡೆದ, ಅಂದ್ರೆ ಒಂದೇ ಪ್ರತಿ ಹೊತ್ತ ಮರಿ ಆ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗಿ, ಮುಂದಿನ ತಲೆಮಾರಿಗೆ ದಾಟಿಸುತ್ತಿತ್ತು. 1991ರಲ್ಲಿ ಮೂಲ ಸಿಕ್ಕಿತು. ಆರ್‌ವೈಆರ್1 ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ, ಅದರಿಂದ ಪ್ರೋಟೀನಿನ 615ನೇ ಜಾಗದಲ್ಲಿ ಆರ್ಜಿನೈನ್ ಬದಲು ಸಿಸ್ಟೈನ್ ಕೂರುತ್ತೆ. ಈಗ ಒಂದು ಪ್ರತಿ ಇದ್ದರೂ ಕಾಗದದ ಮೇಲೆ ಬರುತ್ತೆ.

ಎಲ್ಲ ತೆಳು ಹಂದಿಯೂ ಹೀಗೇ ಅಂತ ಹೆದರಬೇಡಿ. ಮಾಂಸ ಹೆಚ್ಚಿಸಿ ಕೊಬ್ಬು ಇಳಿಸುವ ಒಳ್ಳೇ ಜೀನ್‌ಗಳೂ ಇವೆ. ಐಜಿಎಫ್2 ಅಂತ ಒಂದಿದೆ, 2003ರಲ್ಲಿ ಅದರ ಗುಟ್ಟು ಗೊತ್ತಾಯ್ತು. ತಮಾಷೆ ಏನಂದ್ರೆ ಮರಿಯ ಮಾಂಸದಲ್ಲಿ ಅಪ್ಪನಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತೆ, ಅಮ್ಮನದ್ದು ಬಾಯಿ ಮುಚ್ಚಿಕೊಂಡಿರುತ್ತೆ. ಹಾಗಾಗಿ ಗಂಡಿನಲ್ಲಿ ಎರಡೂ ಪ್ರತಿ ಒಳ್ಳೇದಿದ್ದರೆ ಎಲ್ಲ ಮರಿಗೂ ಫಲ ಸಿಗುತ್ತೆ, ತಾಯಿ ಯಾರೇ ಆಗಿರಲಿ.

ಇನ್ನೊಂದು ಮಾತು. ತಾಯಿ ಆಗುವ ಹೆಣ್ಣುಗಳಲ್ಲಿ ಕೊಬ್ಬು ತೀರಾ ಇಳಿಸಬೇಡಿ. ಕೊಬ್ಬಿನ ಜೊತೆ ಹಸಿವೂ ಇಳಿಯುತ್ತೆ. ಹಾಲು ಕೊಡುವಾಗ ತಿನ್ನೋಕಾಗದೆ ಮೈ ಕರಗಿಸಿಕೊಂಡು, ಮರಿ ಬಿಡಿಸಿದ ಮೇಲೆ ಬೆದೆಗೇ ಬರಲ್ಲ. ಭುಜದ ಮೂಳೆ ಮೇಲೆ ಹುಣ್ಣು ಬೇರೆ.

ಅವಸರ ಜಾಸ್ತಿ:

ನೋಡಿದ್ರಾ, ಇಷ್ಟೆಲ್ಲ ಕಷ್ಟ. ಅದಕ್ಕೇ ಸೆಮೆನ್ ಅಂದೆ.

ಹಳೇ ತಕ್ಕಡಿ:

ತಮ್ಮಾ, ನಿನ್ನ ಅರ್ಧ ಈಗ ಒಪ್ಪಿಕೊಳ್ತೀನಿ. ತಂಗಿ, ನೀವು ಉಳಿದ ಗಂಡು ತೆಗೆದು ಒಂದನ್ನೇ ಇಡ್ತೀನಿ ಅಂದ್ರಲ್ಲ, ಅದು ಬೇಡ. ಒಂದು ಗಂಡು, 14 ತಾಯಿ, ಅವುಗಳಲ್ಲೇ ಮುಂದಿನ ಪೀಳಿಗೆ ಅಂದ್ರೆ ಒಳಸಂಬಂಧ (ರಕ್ತಸಂಬಂಧಿಗಳಲ್ಲೇ ಜೋಡಿ ಆಗೋದು) ಒಂದೇ ತಲೆಮಾರಿಗೆ ಸುಮಾರು 13% ಏರುತ್ತೆ. ಬಾಯಿಲೆಕ್ಕ ಸುಲಭ. ಗಂಡುಗಳ ಸಂಖ್ಯೆಯನ್ನು 8ರಿಂದ ಗುಣಿಸಿ 1ನ್ನು ಅದರಿಂದ ಭಾಗಿಸಿ, ಹೆಣ್ಣುಗಳಿಗೂ ಹಾಗೇ ಮಾಡಿ, ಎರಡನ್ನೂ ಕೂಡಿಸಿ. ಬೆಟ್ಟನ ಮಗನಿಗೆ ಬೆಟ್ಟನ ಮಗಳನ್ನು ಕೊಟ್ಟರೆ ಇನ್ನೂ ಬೇಗ. ಮೊದಲು ಪೆಟ್ಟು ಬೀಳೋದು ಮರಿಗಳ ಸಂಖ್ಯೆಗೆ, ಬದುಕುವ ಶಕ್ತಿಗೆ.

ಹಾಗಾಗಿ ಗಂಡಿನ ಕಡೆ ಹೊರಗಿನ ಸೆಮೆನ್ ಸರಿ. ಮೂರು ತಲೆಮಾರು ಹೀಗೇ ಮಾಡಿದರೆ ರಕ್ತದಲ್ಲಿ ಎಂಟಕ್ಕೆ ಏಳು ಪಾಲು ಹೊರಗಿನದೇ ಆಗಿರುತ್ತೆ. ಆ ಗಂಡುಗಳ ಅಂಕಿ ನಮ್ಮ ನೋಟ್‌ಬುಕ್ಕಿಗಿಂತ ಗಟ್ಟಿ. ಅಪ್ಪ, ಅಮ್ಮ, ಅಕ್ಕತಂಗಿ, ದೂರದ ನೆಂಟರು, ಎಲ್ಲರ ಅಳತೆಯನ್ನೂ ಬ್ಲಪ್ ಅನ್ನೋ ಲೆಕ್ಕದಲ್ಲಿ ಒಟ್ಟಿಗೆ ಹಾಕಿ ತೆಗೆದಿರುತ್ತಾರೆ. 2001ರ ನಂತರ ಡಿಎನ್‌ಎಯ ಸಾವಿರಾರು ಗುರುತು ನೋಡಿ ಮರಿ ಇರುವಾಗಲೇ ಅಂದಾಜು ಮಾಡುವ ದಾರಿಯೂ ಬಂತು.

ಆದರೆ ಇನ್ನರ್ಧ ಒಪ್ಪಲ್ಲ. ಗಂಡು ಯಾರದ್ದೇ ಆಗಲಿ, ಯಾವ ಮಗಳನ್ನು ತಾಯಿ ಮಾಡಬೇಕು ಅನ್ನೋದು ನಿಮ್ಮ ಗೂಡಿನಲ್ಲೇ ತೀರ್ಮಾನ ಆಗೋದು. ಅದಕ್ಕೆ ನೋಟ್‌ಬುಕ್ ಬೇಕೇ ಬೇಕು.

ಆರಿಸುವಾಗ ಎರಡು ಅಂಕಿಯನ್ನೂ ರಕ್ತದ ಪಾಲಿಗೆ ಇಳಿಸಿ ನೋಡಿ. ಒಂದು ಹೆಣ್ಣು ಬ್ಯಾಚಿಗಿಂತ 12 ದಿನ ಮುಂದೆ, ಕೊಬ್ಬು 2 ಮಿಲಿಮೀಟರ್ ಜಾಸ್ತಿ ಅಂದುಕೊಳ್ಳಿ. ರಕ್ತದಲ್ಲಿ 3.6 ದಿನ ಲಾಭ, 1 ಮಿಲಿಮೀಟರ್ ನಷ್ಟ. ಇನ್ನೊಂದು 6 ದಿನ ಮುಂದೆ, ಕೊಬ್ಬು 2 ಕಮ್ಮಿ. 1.8 ದಿನವೂ ಲಾಭ, 1 ಮಿಲಿಮೀಟರೂ ಲಾಭ. ಕಣ್ಣು ಹೋಗೋದು ಮೊದಲನೇದರ ಮೇಲೆ, ನಾನು ಇಟ್ಟುಕೊಳ್ಳೋದು ಎರಡನೇದನ್ನ. ಮೂರನೇದು ಒಂದು ಇರುತ್ತೆ, 4 ಮಿಲಿಮೀಟರ್ ಕಮ್ಮಿ, ಕಾಗದದಲ್ಲಿ ರಾಣಿ. ನಡೆಸಿ ನೋಡಿದರೆ ಹಿಂಗಾಲು ತೂರಾಡುತ್ತೆ. ಅದನ್ನು ಲಾರಿಗೆ ಹತ್ತಿಸಿ, ಮರುಕ ಬೇಡ.

ಹದಿನಾಲ್ಕು ತಾಯಿ:

ಮೂರು ವಾರ ಆದ ಮೇಲೆ ಬರ್ತಿದ್ದೇನೆ, ಕ್ಷಮಿಸಿ. ಯಂತ್ರ ಎರಡು ದಿನಕ್ಕೆ ಸಿಕ್ಕಿತು.

ಮೊದಲ ಹಂದಿಗೇ ಒದೆ ತಿಂದೆ. ಆಮೇಲೆ ಬಕೆಟ್‌ನಲ್ಲಿ ಫೀಡ್ ಇಟ್ಟೆ. ಮೂತಿ ಬಕೆಟ್ಟಿಗೆ ಹೋದ ಮೇಲೆ ಬೆನ್ನ ಮೇಲೆ ಏನು ನಡೆದರೂ ಅವಕ್ಕೆ ಚಿಂತೆಯೇ ಇಲ್ಲ. ಎಣ್ಣೆ ಅರ್ಧ ಹಂದಿಗೆ, ಅರ್ಧ ನನ್ನ ಮೈಗೆ.

ಬರೀ ಹೆಣ್ಣುಗಳು, 95ರಿಂದ 105 ಕೆಜಿ. ಬೆಟ್ಟನ 19 ಹೆಣ್ಣುಮಕ್ಕಳ ಸರಾಸರಿ 16.2 ಮಿಲಿಮೀಟರ್, ಬೇರೆ ಗಂಡುಗಳ 16 ಹೆಣ್ಣುಮಕ್ಕಳದ್ದು 14.9. ತಗೊಳ್ಳೋರು ಸುಳ್ಳು ಹೇಳಿಲ್ಲ. ಬೆಟ್ಟ ತಿನ್ನೋದರಲ್ಲೇ ಗಟ್ಟಿಗ.

ಆದರೆ ನೋಡಿ, ಬೆಟ್ಟನ ಮಕ್ಕಳೆಲ್ಲ ಒಂದೇ ಥರ ಇಲ್ಲ. 12ರಿಂದ 20ರವರೆಗೆ ಇದ್ದಾರೆ. ನಮ್ಮಲ್ಲೊಬ್ಬಳು ಕಿವಿ ಹರಿದ ತಾಯಿ ಇದ್ದಾಳೆ. ಯಾವತ್ತೂ ಅವಳ ಕಡೆ ಗಮನ ಕೊಟ್ಟವಳಲ್ಲ ನಾನು. ಬೆಟ್ಟನಿಂದ ಅವಳಿಗೆ ಹುಟ್ಟಿದ ಮೂವರಲ್ಲಿ 12, 13, 13 ಬಂತು. ದಿನ 161, 163, 164. ಹನ್ನೊಂದು ಮರಿಗಳ ಸೂಲು ಅದು, ಹಾಲಿನ ಋಣ ಅನ್ನೋ ಹಾಗೂ ಇಲ್ಲ. ಯಂತ್ರ ಸುಳ್ಳು ಹೇಳ್ತಿದೆ, ಅಣ್ಣ ಹೇಳಿದ ಪೊರೆ ಇರಬೇಕು ಅಂತ ಮತ್ತೆ ಎಣ್ಣೆ ಹಾಕಿ ನೋಡಿದೆ. ಅದೇ ಅಂಕಿ.

ತೊಡೆ ಉಬ್ಬಿದ ಗಂಡಿನವರಿಗೆ ಜೀನ್ ಪರೀಕ್ಷೆಯ ಕಾಗದ ಕೇಳಿದೆ. ಆವತ್ತಿನಿಂದ ಫೋನ್ ಎತ್ತುತ್ತಿಲ್ಲ.

ಹಳೇ ತಕ್ಕಡಿ:

ಕಿವಿ ಹರಿದವಳ ಮೂವರನ್ನೂ ಇಟ್ಟುಕೊಳ್ಳಿ. ಮೊದಲು ಸಿಮೆಂಟ್ ನೆಲದ ಮೇಲೆ ಹಿಂದಿನಿಂದ ನಡೆಸಿ ಕಾಲು ನೋಡಿ. ಮೊಲೆತೊಟ್ಟು ಎಣಿಸಿ, ಪ್ರತಿ ಕಡೆ ಏಳಾದರೂ ಇರಲಿ. ಹೊರಗಿನ ಸೆಮೆನ್ ಕೊಡಿಸಿ, ಅಪ್ಪನ ಹತ್ತಿರ ಬಿಡಬೇಡಿ. ಕಿವಿ ಹರಿದವಳನ್ನೂ ಇನ್ನೊಂದೆರಡು ಸೂಲು ಉಳಿಸಿಕೊಳ್ಳಿ. ಬೆಟ್ಟನ ತೂಕ ಈಗ ಎಷ್ಟು?

ಹದಿನಾಲ್ಕು ತಾಯಿ:

270 ದಾಟಿದೆ. ಎಳೇ ಹೆಣ್ಣುಗಳು ಅವನ ಭಾರ ತಾಳಲ್ಲ. ಮುಂದಿನ ತಿಂಗಳು ಕಳಿಸಬೇಕು. ಈಗ ಇದನ್ನು ಬರೆಯುವಾಗಲೂ ತೊಟ್ಟಿ ನೆಕ್ಕುವ ಸದ್ದು ಕೇಳ್ತಿದೆ.